ಮೆಟಲ್ ಡಿಟೆಕ್ಟರ್‌ಗೆ 15 ಇಂಚಿನ ಕಾಯಿಲ್ ತಗೊಂಡು ಕೈ ಸುಟ್ಕೊಂಡೆ, 10×5 ಇಂಚಿಂದು ಮಾತ್ರ ನಮ್ಮ ಮಣ್ಣಿಗೆ ಸರಿಹೋಯ್ತು

ಮೊದಲೇ ಹೇಳ್ಬಿಡ್ತೀನಿ, ನಾನು ನಿಧಿ ಹುಡುಕೋನಲ್ಲ. ಸಕಲೇಶಪುರದ ಈ ಕಡೆ ಡಿಟೆಕ್ಟರ್ ಹೆಗಲಿಗೇರಿಸ್ಕೊಂಡು ತೋಟಕ್ಕೆ ಹೊರಟ್ರೆ ಸಾಕು, "ಏನಣ್ಣ, ಅಮಾವಾಸ್ಯೆ ಹತ್ರ ಬಂತಾ" ಅಂತ ನಗ್ತಾರೆ. ಬೇಲೂರು ಹಳೇಬೀಡು ಇರೋ ಜಿಲ್ಲೆ, ನಿಧಿಗಳ್ಳರ ಕಾಟ ಇರೋ ಜಿಲ್ಲೆ, ಜನ ಅನುಮಾನ ಪಡೋದ್ರಲ್ಲಿ ತಪ್ಪೇನಿಲ್ಲ. ನಮ್ಮ ಭಾವ ಮೆಲ್ಬರ್ನ್‌ನಿಂದ ರಜಕ್ಕೆ ಬಂದಾಗ ತಾನು ಬಳಸ್ತಿದ್ದ ಮೈನ್‌ಲ್ಯಾಬ್ ಎಕ್ವಿನಾಕ್ಸ್ 800 ಅನ್ನೋ ಡಿಟೆಕ್ಟರ್ ಬಿಟ್ಟೋದ್ರು, ತೋಟದಲ್ಲಿ ಹೂತೋಗಿರೋ ಜಿಐ ಪೈಪು, ವಾಲ್ವ್ ಹುಡುಕೋಕೆ ನಾನು ಇಟ್ಕೊಂಡೆ. ಆಮೇಲೆ ಸುತ್ತಮುತ್ತ ಯಾರ ಓಲೆ ಬಿದ್ರೂ ಉಂಗುರ ಬಿದ್ರೂ ನಮ್ಮನೆಗೆ ಫೋನ್ ಬರೋಕೆ ಶುರುವಾಯ್ತು.

ಭಾವನಿಗೆ ಅಲ್ಲಿ ಇದು ಭಾನುವಾರದ ಹವ್ಯಾಸ. ವಿಕ್ಟೋರಿಯಾದಲ್ಲಿ ಮೈನರ್ಸ್ ರೈಟ್ ಅಂತ ಒಂದು ಪರ್ಮಿಟ್ ತಗೊಂಡ್ರೆ 10 ವರ್ಷ ನಡೆಯುತ್ತೆ, ಅನುಮತಿ ಇರೋ ಜಾಗದಲ್ಲಿ ಚಿನ್ನ ಹುಡುಕ್ಬೋದು. 1980ರಲ್ಲಿ ಅಲ್ಲೇ ಕಿಂಗೋವರ್ ಹತ್ರ ಕೆವಿನ್ ಹಿಲಿಯರ್ ಅನ್ನೋರಿಗೆ ಡಿಟೆಕ್ಟರ್‌ನಲ್ಲೇ 27 ಕೆಜಿ ಚಿನ್ನದ ಗಟ್ಟಿ ಸಿಕ್ಕಿತ್ತು. ನಮ್ಮಲ್ಲಿ ಆ ಆಸೆ ಬಿಟ್ಬಿಡಿ. ಚನ್ನರಾಯಪಟ್ಟಣ ಕಡೆ ನುಗ್ಗೇಹಳ್ಳಿ ಬಂಡೆ ಪಟ್ಟೀಲಿ, ಕೆಂಪಿನಕೋಟೆ ಹತ್ರ ಹಳೇ ಕಾಲದವರು ಚಿನ್ನ ತೆಗೆದ ಗುಂಡಿಗಳಿರೋದು ನಿಜ, ಆದ್ರೆ ಕಲ್ಲೊಳಗೆ ಟನ್ನಿಗೆ ಕೆಲವೇ ಗ್ರಾಂ ಅಂತ ಪುಡಿಪುಡಿಯಾಗಿ ಸೇರ್ಕೊಂಡಿರೋ ಚಿನ್ನ ಯಾವ ಡಿಟೆಕ್ಟರ್‌ಗೂ ಕಾಣಲ್ಲ. ಮೇಲಾಗಿ ಅಗೆಯೋಕೆ ಪರ್ಮಿಷನ್ನೂ ಇಲ್ಲ. ಹೂತಿಟ್ಟ ಹಳೇ ಮಾಲು ಸಿಕ್ರೆ ಅದಕ್ಕೆ ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಬೇರೆ ಇದೆ, ಡಿಸಿಗೆ ತಿಳಿಸ್ಬೇಕು.

ಈಗ ಕಾಯಿಲ್ ವಿಷಯ. ಕೋಲಿನ ತುದೀಲಿ ತಟ್ಟೆ ತರ ಇರುತ್ತಲ್ಲ, ಅದೇ. ಮಿಷಿನ್ ಜೊತೆ ಬರೋದು 11 ಇಂಚಿಂದು, ಬಯಲಲ್ಲಿ ಅದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ನಮ್ಮದು ಜಂಬಿಟ್ಟಿಗೆ ಮಣ್ಣು, ಕಬ್ಬಿಣದ ಅಂಶ ತುಂಬಿರೋ ಕೆಂಪು ಕಲ್ಲಿನ ಹರಳುಗಳು, ಮಿಷಿನ್‌ಗೆ ಮಣ್ಣೇ ಲೋಹದ ತರ ಕೇಳಿಸುತ್ತೆ. ಬಾಬಾಬುಡನ್‌ಗಿರಿ ಕಡೆ ಒಬ್ಬ ಸ್ನೇಹಿತನ ತೋಟ ಇದೆ, ಅಲ್ಲಿ ನಮಗಿಂತ ಕಷ್ಟ, ಮಣ್ಣಿಗೆ ಅಯಸ್ಕಾಂತ ಹಿಡಿದ್ರೆ ಕಪ್ಪು ಪುಡಿ ಮೀಸೆ ತರ ಅಂಟ್ಕೊಳ್ಳುತ್ತೆ. ಎಲ್ಲೋದ್ರೂ "ಗ್ರೌಂಡ್ ಬ್ಯಾಲೆನ್ಸ್", ಅಂದ್ರೆ ಮಣ್ಣಿನ ಸದ್ದನ್ನ ಮಿಷಿನ್ ಲೆಕ್ಕಕ್ಕೆ ತಗೊಳ್ದಂಗೆ ಹೊಂದಿಸೋದು, ಅದನ್ನ ಮಾಡ್ದೆ ಒಂದು ಹೆಜ್ಜೆ ಇಡಂಗಿಲ್ಲ. ಎಕ್ವಿನಾಕ್ಸ್‌ನಲ್ಲಿ ಒಂದು ಬಟನ್ ಒತ್ತಿ ಹಿಡ್ಕೊಂಡು ಕಾಯಿಲನ್ನ ನೆಲದಿಂದ ಮೇಲೆ ಕೆಳಗೆ ಆಡಿಸ್ತಾ ಇರ್ಬೇಕು, ಸದ್ದು ಅಡಗೋವರೆಗೂ.

ನನ್ನ ಮೊದಲನೇ ತಪ್ಪು ದೊಡ್ಡದು ಅಂದ್ರೆ ಒಳ್ಳೇದು ಅನ್ಕೊಂಡಿದ್ದು. ಆನ್‌ಲೈನಲ್ಲಿ ಒಬ್ಬ ಮಾರೋನು 15 ಇಂಚಿನ ಕಾಯಿಲ್ ಹಾಕಿದ್ದ, ಕಂಪನಿ ಹೆಸರು ಬರೆಯಲ್ಲ, ಬರೆದು ಜಗಳ ಯಾಕೆ, "ಡಬಲ್ ಆಳ" ಅಂತ ದಪ್ಪಕ್ಷರದಲ್ಲಿ ಬರ್ಕೊಂಡಿದ್ದ, ನಾನೂ ನಂಬಿ ದುಡ್ಡು ಕಳಿಸ್ದೆ. ಬಿಂದಿಗೆಯಷ್ಟು ದೊಡ್ಡ ಲೋಹ ಆಳದಲ್ಲಿದ್ರೆ ದೊಡ್ಡ ಕಾಯಿಲ್‌ಗೆ ಸ್ವಲ್ಪ ಜಾಸ್ತಿ ಸಿಗುತ್ತೆ, ಅಷ್ಟು ನಿಜ, ಆದ್ರೆ ಕಾಯಿಲ್ ಎರಡರಷ್ಟಾದ್ರೆ ಆಳ ಎರಡರಷ್ಟಾಗಲ್ಲ. ಮೂಗುಬೊಟ್ಟಿನಂಥ ಸಣ್ಣ ವಸ್ತು ಆದ್ರೆ ಉಲ್ಟಾ, ಕಾಯಿಲ್ ಒಂದೇ ಸಲ ಅಷ್ಟಗಲ ಮಣ್ಣು ನೋಡ್ತಿರುತ್ತಲ್ಲ, ಆ ಮಣ್ಣಿನ ಗಲಾಟೇಲಿ ಸಣ್ಣದ್ರ ದನಿ ಮುಳುಗೋಗುತ್ತೆ. ಅದ್ರ ಮೇಲೆ ಸೋಲಾರ್ ಬೇಲಿ. ಆನೆ ಕಾಟಕ್ಕೆ ನಮ್ಮ ಕಡೆ ಅರ್ಧ ತೋಟಕ್ಕೆ ಹಾಕಿದಾರೆ, ಅದು ಸೆಕೆಂಡಿಗೊಂದ್ಸಲ ಕರೆಂಟ್ ಬಿಡೋದು ಈ ದೊಡ್ಡ ಕಾಯಿಲ್‌ಗೆ ಟಕ್ ಟಕ್ ಅಂತ ಗಡಿಯಾರದ ತರ ಕೇಳ್ಸೋದು, ಬೇಲಿಯಿಂದ ಇಪ್ಪತ್ತು ಮಾರು ದೂರ ಹೋದ್ರೂ ಬಿಡ್ಲಿಲ್ಲ.

ಅದನ್ನೂ ತಡ್ಕೊಂಡಿದ್ದೆ, ಎರಡನೇ ವಾರಕ್ಕೆ ಗಿಡದ ಬುಡಕ್ಕೆ ತಾಗಿದ್ರೆ ಸಾಕು ಕೂಗೋಕೆ ಶುರುಮಾಡ್ತು. ಬಿಸಿಲಿಗೆ ಹಿಡಿದು ನೋಡಿದ್ರೆ ಅಂಚಲ್ಲಿ ಕೂದಲೆಳೆ ಸಂದು, ಉಗುರು ಹಾಕಿದ್ರೆ ಒಳಗಿನ ಗಮ್ ಪುಡಿ ಉದುರ್ತು. ಡಿಡಿ ಕಾಯಿಲ್ ಒಳಗೆ ಇಂಗ್ಲಿಷ್ ಡಿ ಅಕ್ಷರದ ತರ ಎರಡು ತಂತಿ ಸುತ್ತು ಒಂದ್ರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತೆ, ಒಂದು ಕಳ್ಸೋಕೆ, ಇನ್ನೊಂದು ಕೇಳೋಕೆ. ಕಳ್ಸೋದ್ರ ಸದ್ದು ಕೇಳೋದಕ್ಕೆ ಬೀಳದ ಹಾಗೆ ಲೆಕ್ಕ ಹಾಕಿ ಕೂರಿಸಿ ಎಪಾಕ್ಸಿ ಸುರಿದಿರ್ತಾರೆ, ಆ ಸುತ್ತು ಒಂದು ಚೂರು ಅಲ್ಲಾಡಿದ್ರೂ ಬ್ಯಾಲೆನ್ಸ್ ಹೋಯ್ತು. ಮಾರಿದವನಿಗೆ ವಿಡಿಯೋ ಕಳ್ಸಿದ್ರೆ "ನೀವು ಕಲ್ಲಿಗೆ ಹೊಡೆದಿದೀರ ಸಾರ್" ಅಂದ. ಆಮೇಲೆ ಫೋನೇ ಎತ್ಲಿಲ್ಲ.

ಇದೇ ಸಮಯಕ್ಕೆ ಕೊಯ್ಲಲ್ಲಿ ನಮ್ಮ ಚಿಕ್ಕಮ್ಮನ ಮಾಂಗಲ್ಯದ ಸರ ರೋಬಸ್ಟಾ ರೆಂಬೆಗೆ ಸಿಕ್ಕಿ ಕಿತ್ತೋಯ್ತು. ಸರ ಗಿಡದಲ್ಲೇ ಸಿಕ್ತು, ತಾಳಿ ಒಂದು, ಗುಂಡು ಎರಡು ಕಾಣೆ. ಆಳುಗಳೆಲ್ಲ ಸೇರಿ ಎಲೆ ಗುಡಿಸಿ ನೋಡಿದ್ರು, ಇಲ್ಲ. ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. "ಲೋ, ಆ ನಿನ್ನ ದರಿದ್ರ ಮಿಷಿನ್ ಯಾವ ದಿನಕ್ಕೆ ಇಟ್ಕೊಂಡಿದೀಯ, ತಗೊಂಡ್ ಬಾ" ಅಂದ್ರು. 15 ಇಂಚಿಂದು ತಗೊಂಡೋಗಿ ಅವಮಾನ ಆಗಿದ್ದೊಂದೇ ಬಂತು. ಗಿಡದ ಸಂದಿಗೇ ನುಗ್ಗಲ್ಲ, ನುಗ್ಗಿದ್ರೆ ಸುಮ್ನೆ ಕೂಗುತ್ತೆ.

ಆಗ ಭಾವನಿಗೆ ಫೋನ್ ಮಾಡಿ ಕಾಯಿಲ್‌ಟೆಕ್ ಅವರ ನಾಕ್ಸ್ 10×5 ತರಿಸ್ದೆ. ಇದು ಆಸ್ಟ್ರೇಲಿಯಾದ ಕಂಪನೀನೇ, ಎಕ್ವಿನಾಕ್ಸ್‌ಗೆ ಅಂತಾನೇ ಮಾಡಿರೋ ಕಾಯಿಲ್. ತಂದ ಖರ್ಚೆಲ್ಲ ಸೇರಿ ಎರಡು ಮೂಟೆ ರೋಬಸ್ಟಾ ಚೆರಿ ದುಡ್ಡು ಹೋಯ್ತು, ಮನೇಲಿ ಅದನ್ನ ಇವತ್ತಿಗೂ ಪೂರ್ತಿ ಹೇಳಿಲ್ಲ. ಮೊಟ್ಟೆ ಆಕಾರ, ಉದ್ದ 10 ಇಂಚು ಅಗಲ 5, ಮೂತಿ ಚೂಪಾಗಿರೋದ್ರಿಂದ ಕಾಫಿ ಬುಡಕ್ಕೆ ಸೀದಾ ನುಗ್ಗುತ್ತೆ. ಕೂರಿಸಿ ಕೇಬಲ್ ಕೋಲಿಗೆ ಬಿಗಿಯಾಗಿ ಸುತ್ತಿದೆ (ಇದು ಮುಖ್ಯ, ಕೇಬಲ್ ಸಡ್ಲ ಇದ್ರೆ ಅದು ಅಲ್ಲಾಡಿದಾಗೆಲ್ಲ ಸುಳ್ಳು ಸದ್ದು ಬರುತ್ತೆ, ಮೊದಲು ನಾನೂ ಕಾಯಿಲ್‌ನ ಬೈದಿದ್ದೆ).

ತೋಟಕ್ಕೆ ಹೋಗೋ ಮುಂಚೆ ಹೆಂಡತಿಯ ಅರ್ಧ ಗ್ರಾಂ ಮೂಗುಬೊಟ್ಟನ್ನ ಅಂಗಳದ ಕೆಂಪು ಮಣ್ಣಲ್ಲಿ ಹೂತು ನೋಡ್ದೆ, ದಾರ ಕಟ್ಟಿ ಹೂತಿದ್ದು, ಅಷ್ಟು ಬುದ್ಧಿ ಇದೆ. ಜೊತೆಗೆ ಬಂದಿದ್ದ 11 ಇಂಚಿಂದು ಎರಡು ಬೆರಳಿಗೆ ಮುಗೀತು, 10×5 ಮೂರು ಬೆರಳು ದಾಟಿ ಸಣ್ಣಗೆ ಹೇಳ್ತು. ಎರಡಕ್ಕೂ ವ್ಯತ್ಯಾಸ ಒಂದು ಬೆರಳು ಅಂತ ನಗ್ಬೇಡಿ, ಬಿದ್ದ ಓಲೆ ಇರೋದೇ ಆ ಒಂದು ಬೆರಳಲ್ಲಿ.

ಚಿಕ್ಕಮ್ಮನ ತೋಟಕ್ಕೆ ಬೆಳಿಗ್ಗೆ ಏಳಕ್ಕೆ ಹೋದೆ. ಗೋಲ್ಡ್ ಮೋಡ್ (ಸಣ್ಣ ಚಿನ್ನಕ್ಕೆ ಅಂತ ಇರೋ ಸೆಟ್ಟಿಂಗ್), ಸೆನ್ಸಿಟಿವಿಟಿ 25ರಲ್ಲಿ 19ಕ್ಕಿಳ್ಸಿ. ಬೇಲಿಯ ಟಕ್ ಟಕ್ ಇತ್ತು, ಆದ್ರೆ ಸಾಲಿನ ಮಧ್ಯಕ್ಕೆ ಹೋದ್ಮೇಲೆ ನಿಂತೋಯ್ತು. ಮೊದಲ ಒಂದು ಗಂಟೆ ಸಿಕ್ಕಿದ್ದು ಮಾತ್ರೆ ಸ್ಟ್ರಿಪ್ಪು, ಸೀಸೆ ಮುಚ್ಚಳ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಕೊಯ್ಲಿಗೆ ಬಂದವರಿಗೆ ಎಷ್ಟು ತಲೆನೋವು ಬರುತ್ತೆ ಅಂತ ಅವತ್ತು ಗೊತ್ತಾಯ್ತು. ಇದಕ್ಕೆ ಯಾವ ಕಾಯಿಲಲ್ಲೂ ಪರಿಹಾರ ಇಲ್ಲ, ಸಣ್ಣ ಚಿನ್ನ ಮತ್ತೆ ಅಲ್ಯೂಮಿನಿಯಂ ಕಾಗದ ಎರಡಕ್ಕೂ ಸ್ಕ್ರೀನ್ ಮೇಲೆ ಹೆಚ್ಚುಕಮ್ಮಿ ಅದೇ ನಂಬರ್ ಬರುತ್ತೆ, ನಂಬರ್ ನೋಡಿ ಬಿಟ್ರೆ ತಾಳೀನೂ ಬಿಟ್ಟಂಗೆ. ಕೂಗಿದ್ದೆಲ್ಲ ಅಗೀಬೇಕು.

ಹನ್ನೊಂದನೇ ಸಾಲಲ್ಲಿ ತೊಟ್ಟಿಲ ಮಗು ಏಳೋಕೆ ಮುಂಚೆ ಕುಯ್‌ಗುಡುತ್ತಲ್ಲ, ಹಾಗೊಂದು ಸದ್ದು ಬಂತು. ಎಲೆಗೊಬ್ಬರ ಸರಿಸಿದೆ, ಕಾಣ್ಸಲ್ಲ. ಒಂದು ಹಿಡಿ ಮಣ್ಣು ಐಸ್‌ಕ್ರೀಮ್ ಡಬ್ಬಕ್ಕೆ ತುಂಬಿ ಕಾಯಿಲ್ ಮುಂದೆ ಆಡಿಸ್ದೆ, ಕೂಗ್ತು. ಅರ್ಧ ಸುರಿದೆ, ಡಬ್ಬ ಸುಮ್ನಾಯ್ತು, ಸುರಿದಿದ್ರಲ್ಲಿ ಅರ್ಧ ತುಂಬಿದೆ, ಮತ್ತೆ ಕೂಗ್ತು. ಹೀಗೆ ನಾಲ್ಕು ಸಲ. ಕೊನೆಗೆ ಅಂಗೈಯಲ್ಲಿ ಒಂದು ಚಮಚ ಮಣ್ಣು, ಅದ್ರಲ್ಲಿ ತಾಳಿ, ಅಂಚಿಗೆ ಅರಿಶಿನ ಹಾಗೇ ಇತ್ತು. ಕೈಯಲ್ಲಿ ಮಣ್ಣು ಹಿಡಿದು ಆಡಿಸೋ ಮುಂಚೆ ನಿಮ್ಮ ಉಂಗುರ ತೆಗೀರಿ, ನಾನು ತೆಗೀದೆ ಹತ್ತು ನಿಮಿಷ ನನ್ನ ಬೆರಳನ್ನೇ ಹುಡುಕ್ತಿದ್ದೆ. ಒಂದು ಗುಂಡು ಅಲ್ಲೇ ಒಂದು ಗೇಣು ದೂರದಲ್ಲಿ ಸಿಕ್ತು. ಚಿಕ್ಕಮ್ಮ ಏನೂ ಮಾತಾಡ್ದೆ ಒಳಗೋಗಿ ಕಡುಬು ಬಡಿಸಿದ್ರು.

ಇದ್ರಲ್ಲಿ ಆಗ್ದೇ ಇರೋದೂ ಇದೆ. ಬಯಲು ಗದ್ದೆ ಪೂರ್ತಿ ಹುಡುಕೋಕೆ ಇದು ನಿಧಾನ, ಅಗಲ ಕಮ್ಮಿ ಇರೋದ್ರಿಂದ ಎರಡು ಪಟ್ಟು ಓಡಾಡ್ಬೇಕು, ಮಳೆಗಾಲದಲ್ಲಿ ಅಷ್ಟೊತ್ತಿಗೆ ಇಂಬಳ ಅದರ ಪಾಲು ತಗೊಂಡಿರುತ್ತೆ. ಸಿಮೆಂಟ್ ಕಣದಲ್ಲಿ ಒಳಗೆ ಕಂಬಿ ಹಾಕಿದ್ರೆ ಯಾವ ಕಾಯಿಲ್‌ನಿಂದ್ಲೂ ಏನೂ ಮಾಡೋಕಾಗಲ್ಲ. ಸಣ್ಣ ಕೊಂಡಿಯ ಚೈನ್ ಬಿದ್ದಿದ್ರೆ ಪೂರ್ತಿ ಚೈನ್ ಕಾಣುತ್ತೆ ಅಂತ ಆಸೆ ಪಡ್ಬೇಡಿ, ಮಿಷಿನ್‌ಗೆ ಒಂದೊಂದು ಕೊಂಡೀನೂ ಬೇರೆ ಬೇರೆ, ಎಷ್ಟೋ ಸಲ ಸಿಗೋದು ಅದರ ಕೊಕ್ಕೆ. ಕಾಯಿಲ್‌ನ ತಳಕ್ಕೆ ಹಾಕೋ ಕವರ್ ವಾರಕ್ಕೊಂದ್ಸಲ ಬಿಚ್ಚಿ ತೊಳೀರಿ, ಅದ್ರೊಳಗೆ ಸೇರ್ಕೊಂಡ ಕೆಂಪು ಮಣ್ಣೇ ಕೂಗೋಕೆ ಶುರುಮಾಡುತ್ತೆ.

ತಗೊಳ್ಳೋರಿಗೆ ಇನ್ನೊಂದು ಮಾತು, ಪಿನ್ ಕೂತ್ರೆ ಕಾಯಿಲ್ ನಡೆಯುತ್ತೆ ಅನ್ಕೋಬೇಡಿ. ಪಲ್ಸ್ ಮಿಷಿನ್‌ಗೆ (ಬಿಟ್ಟು ಬಿಟ್ಟು ಕರೆಂಟ್ ಕಳ್ಸೋ ಬೇರೆ ಜಾತಿ ಡಿಟೆಕ್ಟರ್) ಮಾಡಿರೋ ಮೋನೋ ಕಾಯಿಲಲ್ಲಿ ಕಳ್ಸೋದು ಕೇಳೋದು ಎರಡೂ ಒಂದೇ ಸುತ್ತು, ಅದು ಎಕ್ವಿನಾಕ್ಸ್ ತರದ್ದಕ್ಕೆ ಬರಲ್ಲ. ನಿಮ್ಮ ಮಾಡೆಲ್ ಹೆಸರೇ ಬಾಕ್ಸ್ ಮೇಲಿದ್ರೆ ತಗೊಳ್ಳಿ, ಬಿಲ್ ಕೊಡೋರತ್ರ ತಗೊಳ್ಳಿ. ಬಂದ ದಿನಾನೇ ಹುಲ್ಲಿನ ಕಡ್ಡಿಗೆ ತಟ್ಟಿ ನೋಡಿ, ಕೂಗ್ಬಾರ್ದು.

ಎರಡನೇ ಗುಂಡು ಇನ್ನೂ ಸಿಕ್ಕಿಲ್ಲ. ಹೂಮಳೆ ಬಿದ್ಮೇಲೆ ಮಣ್ಣು ಸ್ವಲ್ಪ ಕೂರುತ್ತೆ, ಆಗ ಇನ್ನೊಂದ್ಸಲ ಹೋಗ್ತೀನಿ ಅಂತ ಚಿಕ್ಕಮ್ಮನಿಗೆ ಹೇಳಿದೀನಿ.