ಶೂ ಮೇಲೆ ನಂಬರ್ ಒತ್ತಲು ಹೊರಟವರೇ, ಮೊದಲು ನನ್ನ ಕಥೆ ಕೇಳಿ

ಕಾರವಾರದಲ್ಲಿ ನನ್ನದೊಂದು ಸಣ್ಣ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ. ಚೌತಿ ಹತ್ತಿರ ಬಂದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಉಳಿದ ಮಳೆಗಾಲವೆಲ್ಲ ನೊಣ ಹೊಡೆಯುವುದೇ ಕೆಲಸ. ಹೋದ ಜುಲೈಯಲ್ಲಿ ಹಾಗೆ ಸುಮ್ನೆ ಕೂತಿದ್ದಾಗ ಒಂದು ವಾಲಿಬಾಲ್ ತಂಡದ ಹುಡುಗರು ಬಂದರು. ಜೆರ್ಸಿ ಆಗಿದೆ, ಶೂ ಮೇಲೆ ನಂಬರ್ ಹಾಕಿಕೊಡಿ ಅಂದರು. ಹತ್ತು ಜೊತೆ ಶೂ, ಒಂದು ಜೊತೆಗೆ 150 ರೂಪಾಯಿ ಅಂತ ಮಾತಾಯಿತು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಕೊನೆಗೆ ನಾನೇ 4,200 ರೂಪಾಯಿ ಕೈಯಿಂದ ಕೊಟ್ಟೆ.

ನನ್ನನ್ನು ಹಾಳು ಮಾಡಿದ್ದು ಮೊದಲನೇ ಪ್ರಯತ್ನ. ಅದು ಚೆನ್ನಾಗಿಯೇ ಬಂತು! ಮನೆಯಲ್ಲಿದ್ದ ನನ್ನ ಹಳೇ ಬಿಳಿ ಕ್ಯಾನ್ವಾಸ್ ಶೂ ಮೇಲೆ ವಿನೈಲ್, ಅಂದರೆ ಬಿಸಿ ಮಾಡಿ ಒತ್ತಿದರೆ ಬಟ್ಟೆಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ, ಇಟ್ಟು, ಇಸ್ತ್ರಿಪೆಟ್ಟಿಗೆಯಂಥ ಅಂಗೈಯಗಲದ ಮಿನಿ ಪ್ರೆಸ್‌ನಲ್ಲಿ ಒತ್ತಿದೆ. ಟೀ ಶರ್ಟ್‌ಗೆ ಕೊಡುವಷ್ಟೇ ಬಿಸಿ, 150 ಡಿಗ್ರಿ, 15 ಸೆಕೆಂಡ್. ಅಂಚು ಎಲ್ಲೂ ಏಳಲಿಲ್ಲ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಕ್ಯಾನ್ವಾಸ್ ಅಂದರೆ ದಪ್ಪ ಹತ್ತಿ ಬಟ್ಟೆ, ಟೀ ಶರ್ಟ್‌ನ ಅಣ್ಣ ಇದ್ದ ಹಾಗೆ. ಹುಡುಗರು ತಂದ ಶೂ ಬೇರೆಯೇ ಜಾತಿ ಅನ್ನುವುದು ತಲೆಗೇ ಹೊಳೆಯಲಿಲ್ಲ.

ಅವರದ್ದು ಜಾಳಿಗೆ ಬಟ್ಟೆಯ ಸ್ಪೋರ್ಟ್ಸ್ ಶೂ. ಪಾಲಿಯೆಸ್ಟರ್. ಅದು ಕರಗುವುದು ಸುಮಾರು 250 ಡಿಗ್ರಿಗೆ, ನಾನು ಕೊಡುವುದು 150, ಏನಾಗುತ್ತದೆ ಅಂತ ನನ್ನ ಲೆಕ್ಕ. ಲೆಕ್ಕ ಸರಿಯಿತ್ತು. ಆದರೆ ಶೂ ಅಂದರೆ ಬರೀ ಬಟ್ಟೆ ಅಲ್ವಲ್ಲ.

ಮೊದಲ ಶೂನ ಮೂತಿಯ ಮೇಲೆ ಪ್ರೆಸ್ ಇಟ್ಟು ಒತ್ತಿದೆ. ಎಂಟೋ ಹತ್ತೋ ಸೆಕೆಂಡಿಗೆ ಕೈ ಕೆಳಗೆ ಏನೋ ಮೆತ್ತಗಾಯಿತು, ಬೆಂದ ಹಲಸಿನ ತೊಳೆ ಒತ್ತಿದ ಹಾಗೆ. ಎತ್ತಿ ನೋಡಿದರೆ ಮೂತಿ ಒಳಕ್ಕೆ ಕೂತುಬಿಟ್ಟಿದೆ. ಒಳಗಿಂದ ಬೆರಳು ಹಾಕಿ ತಳ್ಳಿದೆ, ಮೇಲೆ ಬಂತು, ಬಿಟ್ಟ ತಕ್ಷಣ ಮತ್ತೆ ಕೂತಿತು. ಶೂನ ತುದಿಯಲ್ಲೂ ಹಿಮ್ಮಡಿಯ ಹತ್ತಿರವೂ ಆಕಾರ ನಿಲ್ಲಲಿ ಅಂತ ಬಟ್ಟೆಯ ಒಳಪದರದಲ್ಲಿ ಒಂದು ಗಟ್ಟಿ ಹಾಳೆ ಇಟ್ಟಿರುತ್ತಾರೆ. ಎಷ್ಟೋ ಶೂಗಳಲ್ಲಿ ಅದು ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್. ಫ್ಯಾಕ್ಟರಿಯಲ್ಲಿ ಅದನ್ನು ಬಿಸಿ ಮಾಡಿಯೇ ಅಚ್ಚಿಗೆ ಕೂರಿಸುವುದು. ನಾನೂ ಅದನ್ನೇ ಮಾಡಿದೆ, ಒಳಗೆ ಅಚ್ಚಿಲ್ಲದೆ!

ಅಷ್ಟರಲ್ಲಿ ಪ್ರೆಸ್‌ನ ಅಂಚು ಅಟ್ಟೆಗೂ ತಾಗಿತ್ತು. ಅಟ್ಟೆಯ ಬಿಳಿ ಫೋಮ್ ಅನ್ನು ಇವಿಎ ಅನ್ನುತ್ತಾರೆ. ಅದು 100 ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ಅಟ್ಟೆಯನ್ನೂ ಮೇಲ್ಭಾಗವನ್ನೂ ಹಿಡಿದಿರುವ ಅಂಟು ಕೂಡ ಬಿಸಿಗೆ ಸಡಿಲವಾಗುತ್ತದೆ. ಪಕ್ಕದಲ್ಲಿ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು.

ಇಷ್ಟಾದ ಮೇಲಾದರೂ ನಿಲ್ಲಿಸಬೇಕಿತ್ತು. ಒತ್ತಿದ್ದು ಜಾಸ್ತಿ ಆಯಿತೇನೋ ಅಂದುಕೊಂಡು ಇನ್ನೂ ಎರಡು ಜೊತೆ ಹಾಳು ಮಾಡಿದೆ. ಒಂದರಲ್ಲಿ ರೆಕ್ಸಿನ್ ಪಟ್ಟಿ ಸುಕ್ಕಾಗಿ ಹೊಗೆ ಬಂತು. ಹೊರಗೆ ಮಳೆ ಅಂತ ಶಟರ್ ಬೇರೆ ಎಳೆದಿದ್ದೆ. ಪಿವಿಸಿ ರೆಕ್ಸಿನ್ ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್, ಕಣ್ಣು ಗಂಟಲು ಎರಡನ್ನೂ ಉರಿಸುವ ಅನಿಲ. ರಾತ್ರಿಯಿಡೀ ಕೆಮ್ಮಿದೆ.

ಮರುದಿನ ವಿನೈಲ್ ಮಾರುವವರಿಗೆ ಫೋನ್ ಮಾಡಿದೆ. ಕಡಿಮೆ ಬಿಸಿಯಲ್ಲಿ ಅಂಟುವ ಹಾಳೆ ಇದೆ, ಎಲ್ಲದಕ್ಕೂ ಹಿಡಿಯುತ್ತದೆ ಅಂದರು. ಈ ‘ಎಲ್ಲದಕ್ಕೂ’ ಅನ್ನುವ ಮಾತು ಕೇಳಿದರೆ ದಯವಿಟ್ಟು ಫೋನ್ ಇಡಿ. ನಾನು ತರಿಸಿದೆ. ಉಳಿದ ಏಳು ಜೊತೆ ಸುಡಲಿಲ್ಲ ನಿಜ, ಆದರೆ ಸರಿಯಾಗಿ ಅಂಟಲೂ ಇಲ್ಲ.

ಯಾಕೆ ಅಂತ ಆಮೇಲೆ ಒಂದೊಂದಾಗಿ ಗೊತ್ತಾಯಿತು. ಮಗ್ ಮೇಲೆ ಡಿಸೈನ್ ಹಾಕುವುದು ಸುಲಭ, ಯಾಕೆಂದರೆ ಅದು ಒಂದೇ ದಿಕ್ಕಿಗೆ ಬಾಗಿರುತ್ತದೆ. ಶೂನ ಮೂತಿ ಎರಡೂ ದಿಕ್ಕಿಗೆ ಬಾಗಿರುತ್ತದೆ. ತೆಂಗಿನಕಾಯಿಗೆ ಪೇಪರ್ ಸುತ್ತಿ ನೋಡಿ, ಎಲ್ಲಾದರೊಂದು ಕಡೆ ನೆರಿಗೆ ಬಂದೇ ಬರುತ್ತದೆ. ಆ ನೆರಿಗೆಯಲ್ಲೇ ವಿನೈಲ್ ಮೊದಲು ಏಳುವುದು. ಇನ್ನೊಂದು, ಶೂ ಒಳಗೆ ಟೊಳ್ಳು. ನಾನು ಪೇಪರ್ ಉಂಡೆ ತುರುಕಿದ್ದೆ. ಒತ್ತಿದರೆ ಅದೂ ಕುಗ್ಗುತ್ತದೆ, ಒತ್ತಡ ಬೀಳುವುದೇ ಇಲ್ಲ. ಹತ್ತಿ ಬಟ್ಟೆಯನ್ನು ಕಲ್ಲಿನ ಹಾಗೆ ಬಿಗಿಯಾಗಿ ತುಂಬಿದಾಗ ಸ್ವಲ್ಪ ವಾಸಿಯಾಯಿತು.

ಮೇಲಿಂದ ನಮ್ಮ ಕಡಲತೀರದ ಕಾಟ. ಹುಡುಗರು ಬೆಳಿಗ್ಗೆ ಟ್ಯಾಗೋರ್ ಬೀಚಿನಲ್ಲಿ ಅದೇ ಶೂ ಹಾಕಿ ಓಡುತ್ತಾರೆ. ಜಾಳಿಗೆಯ ತುಂಬ ಸಣ್ಣ ಮರಳು, ಒಣಗಿದ ಉಪ್ಪು. ಅದರ ಮೇಲೆ ಅಂಟು ಹಿಡಿಯುವುದು ಹೇಗೆ? ತೊಳೆದರೆ ಜುಲೈಯಲ್ಲಿ ಒಣಗುವುದು ಯಾವಾಗ? ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗಿನ ಸ್ಪಂಜಿನಲ್ಲಿ ಪಸೆ ಇದ್ದೇ ಇರುತ್ತದೆ. ಬಿಸಿ ತಾಗಿದ ಕೂಡಲೇ ಅದು ಹಬೆಯಾಗಿ ವಿನೈಲ್ ಕೆಳಗೆ ಗುಳ್ಳೆ ಏಳಿಸಿತು.

ಕೆಂಪು ಶೂಗಳ ಕಥೆ ಇನ್ನೊಂದು. ಬಿಳಿ ನಂಬರ್ ಅಂಟಿದ್ದೇನೋ ಅಂಟಿತು, ಆದರೆ ಎರಡು ದಿನಕ್ಕೆ ಮುರುಗಲು ಶರಬತ್ತು ಚೆಲ್ಲಿದ ಹಾಗೆ ಗುಲಾಬಿಯಾಯಿತು. ಪಾಲಿಯೆಸ್ಟರ್‌ನ ಬಣ್ಣ ಬಿಸಿಗೆ ಎದ್ದು ಬಿಳಿ ವಿನೈಲ್‌ಗೆ ಹತ್ತುತ್ತದೆ. ಅದನ್ನು ತಡೆಯಲು ಬೇರೆ ಬಗೆಯ ವಿನೈಲ್ ಬೇಕು.

ಹಾಳಾದ ಶೂಗಳನ್ನು ಚಪ್ಪಲಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಮೂತಿ ಒತ್ತಿ ನೋಡಿ, ‘ಶೂಗೆ ಇಸ್ತ್ರಿ ಹಾಕಿದ್ರಾ?’ ಅಂದರು. ಬಾಯಿ ಬಿಟ್ಟ ಕಡೆ ಅಂಟಿಸಿ ಹೊಲಿದರು, ಮೂತಿ ಮಾತ್ರ ಮೇಲೇಳಲಿಲ್ಲ. ಫ್ಯಾಕ್ಟರಿಯವರು ಡಿಸೈನ್ ಹಾಕುವುದು ಹೆಚ್ಚಾಗಿ ಕತ್ತರಿಸಿದ ಚಪ್ಪಟೆ ತುಂಡಿನ ಮೇಲೆ, ಆಮೇಲೆ ಹೊಲಿಯುವುದು ಅಂತ ಹೇಳಿದವರೂ ಅವರೇ. ಆ ಮೂರು ಜೊತೆಗೆ ತಲಾ 1,400 ಕಟ್ಟಿಕೊಟ್ಟೆ. ಹುಡುಗರು ಒಳ್ಳೆಯವರು, ಜಗಳ ಮಾಡಲಿಲ್ಲ. ಅದೇ ಜಾಸ್ತಿ ನೋವಾಯಿತು.

ಈಗ ನಾನು ಶೂ ಹಿಡಿಯುವುದು ಲೇಪನವಿಲ್ಲದ ಕ್ಯಾನ್ವಾಸ್ ಆದರೆ ಮಾತ್ರ. ಅದೂ ಪಕ್ಕದ ಚಪ್ಪಟೆ ಭಾಗದಲ್ಲಿ, ಮೊದಲು ಶೂ ನಾಲಿಗೆಯ (ಲೇಸ್ ಕೆಳಗಿನ ಪಟ್ಟಿಯ) ಒಳಬದಿಯಲ್ಲಿ ಚಿಕ್ಕ ಚೂರು ಒತ್ತಿ ನೋಡಿ. ಉಳಿದದ್ದಕ್ಕೆ ಫ್ಯಾಬ್ರಿಕ್ ಪೇಂಟ್ ತಗೊಂಡು ಕುಂಚದಲ್ಲಿ ಬರೆಯಿರಿ ಅನ್ನುತ್ತೇನೆ. ಕೊಡೆ, ರೇನ್‌ಕೋಟ್ ತಂದವರನ್ನೂ ವಾಪಸ್ ಕಳಿಸುತ್ತೇನೆ. ನೀರು ನಿಲ್ಲಬಾರದು ಅಂತ ಹಾಕಿದ ಲೇಪನದ ಮೇಲೆ ವಿನೈಲ್ ಕೂಡ ನಿಲ್ಲುವುದಿಲ್ಲ. ಒಬ್ಬರು ಹೆಲ್ಮೆಟ್ ತಂದಿದ್ದರು. ಅದರೊಳಗಿನ ಥರ್ಮೋಕೋಲ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ತಲೆ ಉಳಿಸುವುದು ಅದೇ. ಅದಕ್ಕೆ ಸುಮ್ನೆ ಸ್ಟಿಕ್ಕರ್ ಹಾಕಿಸಿಕೊಳ್ಳಿ ಅಂದೆ.

ಮೊನ್ನೆ ಮೈದಾನದ ಹತ್ತಿರ ಅದೇ ಹುಡುಗರು ಸಿಕ್ಕರು. ಬಾಗುವ ಜಾಗದಲ್ಲೆಲ್ಲ ನಂಬರ್ ಕಿತ್ತುಹೋಗಿದೆ. 8ರ ಎಡಭಾಗ ಪೂರ್ತಿ ಹೋಗಿ 3 ಆಗಿದೆ. ತಂಡದಲ್ಲಿ 3 ಮೊದಲೇ ಒಬ್ಬ ಇದ್ದ.