ಮನೆಯ ಜಗಳಕ್ಕೂ 14416ಕ್ಕೆ ಫೋನ್ ಮಾಡಬಹುದು: ಟೆಲಿ ಮಾನಸ್ ಬಗ್ಗೆ ನನ್ನ ಅನುಭವ

ಟೆಲಿ ಮಾನಸ್ ಅಂದರೆ ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಹಾಯ ಮಾಡುವ ಸರ್ಕಾರಿ ಸಹಾಯವಾಣಿ. ಅದು ಸಾಯುವ ಯೋಚನೆ ಬಂದವರಿಗೆ, ದೊಡ್ಡ ಕಾಯಿಲೆ ಇರುವವರಿಗೆ ಮಾತ್ರ ಅಂತ ನಮ್ಮ ಹಾಸನದ ಕಡೆ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ತಲೆ ಸಿಡಿಯುತ್ತಿದೆ, ನಿದ್ದೆ ಬರುತ್ತಿಲ್ಲ ಅಂದರೂ ಮಾಡಬಹುದು. ನಾನು ಅದಕ್ಕೇ ಮಾಡಿದ್ದು. ನನಗೆ ತುಂಬಾ ಉಪಯೋಗವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಂಬರ್ 14416. 1800 891 4416 ಕೂಡ ಅವರದೇ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕು ಅನಿಸಿದರೆ ಮನೋವೈದ್ಯರ ಹತ್ತಿರ ಮಾತಾಡಿಸುತ್ತಾರೆ.

ನಮ್ಮದು ಆಲೂರು ಕಡೆ ಸಣ್ಣ ಕಾಫಿ ತೋಟ. ಮಕ್ಕಳ ಓದಿಗೆ ಅಂತ ಮನೆ ಹಾಸನದಲ್ಲಿ. ಕೊಯ್ಲು ಶುರುವಾದರೆ ಯಜಮಾನರು ಮನುಷ್ಯರಾಗಿ ಉಳಿಯುವುದಿಲ್ಲ. ಆಳು ಸಿಗುವುದಿಲ್ಲ, ಸಿಕ್ಕ ದಿನವೇ ಮೋಡ, ಕಣದಲ್ಲಿ ಹರಡಿದ ಕಾಫಿ ಮೇಲೆ ಅಕಾಲದ ಮಳೆ, ಅದರ ಜೊತೆ ಆನೆ ಕಾಟ. ಆಲೂರು, ಸಕಲೇಶಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟನ್ನೂ ತಲೆಯಲ್ಲಿ ಹೊತ್ತು ರಾತ್ರಿ ಮನೆಗೆ ಬಂದವರ ಹತ್ತಿರ ನಾನು ಸ್ಕೂಲ್ ಫೀಸ್ ಅಂದರೆ ಸಾಕು, ಶುರು. ಜಗಳವನ್ನಾದರೂ ತಡೆದುಕೊಳ್ಳಬಹುದು, ಆಮೇಲಿನ ಮೌನವನ್ನು ಆಗುವುದಿಲ್ಲ. "ಅಪ್ಪಂಗೆ ಊಟಕ್ಕೆ ಬರೋಕೆ ಹೇಳು" ಅಂತ ಮಗಳ ಕೈಲಿ ಹೇಳಿ ಕಳಿಸುವ ಹಂತಕ್ಕೆ ಬಂದಿದ್ದೆವು.

ಇದಕ್ಕೂ ಮೊದಲು ಊರಲ್ಲೇ ಒಂದು ಕಡೆ ದುಡ್ಡು ಕೊಟ್ಟು ಕೌನ್ಸೆಲಿಂಗ್‌ಗೆ ಹೋಗಿದ್ದೆ. ಹೆಸರು ಬೇಡ. ಹೊರಗಿನ ಬೆಂಚಿನ ಮೇಲೆ ಕೂತರೆ ಒಳಗೆ ಯಾರೋ ಅಳುತ್ತಾ ಹೇಳುವುದೆಲ್ಲ ಕೇಳಿಸುತ್ತದೆ. ಪಕ್ಕದಲ್ಲಿ ಕೂತಿದ್ದವರು ನಮ್ಮ ನಾದಿನಿಗೆ ಪರಿಚಯದವರು. ಒಳಗೆ ಹೋದರೆ ನನ್ನ ಮಾತು ಮುಗಿಯುವ ಮೊದಲೇ "ಹೆಣ್ಮಕ್ಕಳು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕಮ್ಮ" ಅಂದರು. ನನಗೆ ಸಿಟ್ಟೇ ಬಂತು. ಹಾಸನ ಎಷ್ಟೇ ಬೆಳೆದಿದ್ದರೂ ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹೋದರೆ ಗುರುತಿನವರು ಸಿಗುವ ಊರು. ಇಂಥ ಕಡೆ ಮನೆ ವಿಷಯ ಗುಟ್ಟಾಗಿ ಉಳಿಯುವುದು ಎಲ್ಲಕ್ಕಿಂತ ಮುಖ್ಯ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ.

ಫೋನಿನಲ್ಲಿ ಆ ಭಯ ಇರಲಿಲ್ಲ. ಬಾಗಿಲು ಹಾಕಿಕೊಂಡು ಟೆರೇಸಿಗೆ ಹೋಗಿ ಮಾತಾಡಿದೆ. ಆ ಕಡೆ ಇದ್ದವರು ಮೊದಲು ಕೇಳಿದ್ದು ನಿದ್ದೆ, ಊಟದ ಬಗ್ಗೆ. ಮನೆಯಲ್ಲಿ ಹೊಡೆಯುವುದು ಇದೆಯಾ, ಸಾಯಬೇಕು ಅಂತ ಅನಿಸಿದೆಯಾ ಅಂತಲೂ ನೇರವಾಗಿ ಕೇಳಿದರು. ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ತಪ್ಪು ಯಾರದ್ದು ಅಂತ ತೀರ್ಪು ಕೊಡಲಿಲ್ಲ. ಜಗಳ ಯಾವ ಹೊತ್ತಿಗೆ ಶುರುವಾಗುತ್ತದೆ ಅಂತ ಕೇಳಿದರು, ಅದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ಹೆಚ್ಚುಕಮ್ಮಿ ಯಾವಾಗಲೂ ಅವರು ತೋಟದಿಂದ ಬಂದು ಕಾಲು ತೊಳೆಯುವ ಹೊತ್ತಿಗೇ! ಹಾಗಾದರೆ ಆ ಹೊತ್ತಲ್ಲಿ ದುಡ್ಡಿನ ಮಾತು ಬೇಡ, ಇಬ್ಬರೂ ಒಪ್ಪಿ ಬೇರೆ ಹೊತ್ತು ಇಟ್ಟುಕೊಳ್ಳಿ ಅಂದರು.

ಇನ್ನೊಂದು, ಸಿಟ್ಟು ಏರಿದಾಗ ಮಾತು ನಿಲ್ಲಿಸುವುದು. ಎದೆ ಡವಡವ ಅನ್ನುವಾಗ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಗಂಡ ಹೆಂಡತಿಯರ ಮಾತುಕತೆಯನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಎಂಬ ಮನಃಶಾಸ್ತ್ರಜ್ಞರು ಕನಿಷ್ಠ 20 ನಿಮಿಷ ಬಿಡುವು ಬೇಕು ಅನ್ನುತ್ತಾರೆ, ಆ ಹೊತ್ತಲ್ಲಿ ಜಗಳವನ್ನೇ ಮೆಲುಕು ಹಾಕುತ್ತಾ ಕೂರಬಾರದು. ಆದರೆ ಎದ್ದು ಹೋಗುವಾಗ "ಊಟ ಆದ್ಮೇಲೆ ಮಾತಾಡೋಣ" ಅಂತ ಹೇಳಿ ಹೋಗಬೇಕು, ಹೇಳಿದ ಹಾಗೆ ಬಂದು ಕೂರಬೇಕು. ಇಲ್ಲದಿದ್ದರೆ ಅದು ಮತ್ತೆ ಅದೇ ಮೌನ ಅಲ್ವಾ?

ಮಾತಿನ ರೀತಿಯನ್ನೂ ಹೇಳಿಕೊಟ್ಟರು. "ನಿಮಗೆ ಮನೆ ಚಿಂತೆನೇ ಇಲ್ಲ" ಅನ್ನುವ ಬದಲು ನನಗೆ ಏನಾಗುತ್ತಿದೆ ಅಂತ ಹೇಳುವುದು. "ಫೀಸ್ ಕಟ್ಟೋ ದಿನ ಹತ್ರ ಬಂತು ರೀ, ನನಗೆ ಹೆದರಿಕೆ ಆಗ್ತಿದೆ" ಅಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಬ್ಯಾಂಕ್ ಪಾಸ್‌ಬುಕ್ ತಂದು ಮುಂದೆ ಇಟ್ಟರು. ಸಾಲ ಎಷ್ಟಿದೆ, ಕಂತು ಯಾವಾಗ ಅಂತ ಆವತ್ತು ನನಗೆ ಗೊತ್ತಾಯಿತು. ನಾನು ಹೆದರುತ್ತೇನೆ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದರಂತೆ. ಕಾಫಿ ಮಾರಿದ ಮೇಲೆ ಮೊದಲು ಯಾವುದಕ್ಕೆ ಕಟ್ಟಬೇಕು ಅಂತ ಈಗ ಇಬ್ಬರೂ ಕೂತು ಬರೆಯುತ್ತೇವೆ. ಮಳೆ, ಆನೆ, ಆಳಿನ ತೊಂದರೆ ಹಾಗೇ ಇದೆ. ಜಗಳವೂ ಪೂರ್ತಿ ನಿಂತಿಲ್ಲ. ಆದರೆ ಮಗಳ ಕೈಲಿ ಹೇಳಿ ಕಳಿಸುವುದು ನಿಂತಿದೆ.

ಮೊದಲು "ಹುಚ್ಚರ ನಂಬರ್‌ಗೆ ಯಾಕೆ ಫೋನ್ ಮಾಡಿದೆ" ಅಂದಿದ್ದ ಯಜಮಾನರು ಆಮೇಲೆ ನಿದ್ದೆ ಬರುತ್ತಿಲ್ಲ ಅಂತ ತಾವೇ ಮಾಡಿದರು. ತೋಟದಲ್ಲಿ ಇರುವವರು ನೆಟ್‌ವರ್ಕ್ ಸಿಗುವ ಜಾಗ ನೋಡಿಕೊಂಡು ಮಾಡಿ, ಮನಸ್ಸು ಬಿಚ್ಚಿ ಹೇಳುವಾಗ ಲೈನ್ ಕಟ್ಟಾದರೆ ತುಂಬಾ ಬೇಜಾರಾಗುತ್ತದೆ.

ಫೋನ್ ಎಲ್ಲದಕ್ಕೂ ಸಾಲದು. ಇಬ್ಬರನ್ನೂ ಎದುರು ಕೂರಿಸಿ ಮಾತಾಡಿಸಬೇಕು ಅಂದರೆ, ಔಷಧಿ ಬೇಕಾದೀತು ಅನಿಸಿದರೆ, ಹಾಸನದಲ್ಲಿ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು) ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನಸ್ಸಿನ ತೊಂದರೆಗೆ ಅಂತಲೇ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಹೋಗುವ ಮೊದಲು ಒಮ್ಮೆ ವಿಚಾರಿಸಿ. ಹೊಡೆತ ಇರುವ ಮನೆಯಲ್ಲಿ ಮಾತ್ರ ಮಾತು ಸರಿ ಮಾಡಿಕೊಳ್ಳುತ್ತೇನೆ ಅಂತ ಕಾಯಬೇಡಿ. ಅಲ್ಲಿ ಬೇಕಾಗಿರುವುದು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.