ಕ್ಲೋನ್‌ಜಿಲ್ಲಾ, ರೆಸ್ಕ್ಯೂಜಿಲ್ಲಾ, ಡಿಸ್ಕ್2ವಿಎಚ್‌ಡಿ: ನಮ್ಮ ಅಂಗಡಿಯ ಹಳೇ ಪಿಸಿಗೆ ಯಾವುದು ಒಗ್ಗಿತು?

ಉಡುಪಿಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ ಎಲ್ಲವೂ ಒಂದೇ ವಿಂಡೋಸ್ 7 ಪಿಸಿಯಲ್ಲಿ ತಯಾರಾಗುತ್ತವೆ. ಪುಟ ಜೋಡಿಸುವ ಪೇಜ್‌ಮೇಕರ್ 7, ನುಡಿಯ ಹಳೇ ಫಾಂಟುಗಳು, ಹದಿನಾಲ್ಕು ವರ್ಷದ ಫೈಲುಗಳು ಅದರಲ್ಲೇ ಇವೆ. ಪೇಜ್‌ಮೇಕರ್ ಸಿಡಿ ಎಂದೋ ಹಾಳಾಯಿತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಸಾಲಾಗಿ ಕಾಣುತ್ತವೆ. ಸುಮ್ನೆ ಫೈಲು ಕಾಪಿ ಮಾಡಿಟ್ಟರೆ ಸಾಲದು, ಇಡೀ ಡಿಸ್ಕನ್ನೇ ಎತ್ತಿಡಬೇಕು. ಮಳೆಗಾಲಕ್ಕೆ ಮೊದಲಿನ ಒಂದು ಸಿಡಿಲಿಗೆ ಅಂಗಡಿಯ ಮೋಡೆಮ್ ಸುಟ್ಟುಹೋದ ದಿನವೇ ಈ ಕೆಲಸಕ್ಕೆ ಕೈಹಾಕಿದೆ. ಡಿಸ್ಕಿನ ಪ್ರತಿ ತೆಗೆಯುವ ಮೂರು ಪ್ರೋಗ್ರಾಂಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲು ಕ್ಲೋನ್‌ಜಿಲ್ಲಾ. ವಿಂಡೋಸ್ ಬದಲು ಪೆನ್‌ಡ್ರೈವಿನಿಂದಲೇ ಪಿಸಿ ಚಾಲೂ (ಬೂಟ್) ಮಾಡಬೇಕು, ಅಷ್ಟು ಹೊತ್ತು ಅಂಗಡಿ ಕೆಲಸ ಬಂದ್. ಡಿಸ್ಕ್ 500 ಜಿಬಿ, ತುಂಬಿದ್ದು ಸುಮಾರು 140. ಕ್ಲೋನ್‌ಜಿಲ್ಲಾ ತುಂಬಿದ ಭಾಗವನ್ನು ಮಾತ್ರ ಓದಿ, ಕುಗ್ಗಿಸಿ ಇಡುತ್ತದೆ. ನನ್ನ ಇಮೇಜ್, ಅಂದರೆ ಹೀಗೆ ತೆಗೆದ ಡಿಸ್ಕಿನ ಪ್ರತಿ, 85 ಜಿಬಿಗೆ ನಿಂತಿತು. ಕೊನೆಗೆ ಆ ಇಮೇಜ್ ಸರಿ ಉಂಟಾ ಎಂದು ತಾನೇ ಪರೀಕ್ಷೆಯನ್ನೂ ಮಾಡುತ್ತದೆ. ಈ ಆಯ್ಕೆಯನ್ನು ದಯವಿಟ್ಟು ಬಿಡಬೇಡಿ.

ತೊಡಕು ಬಂದದ್ದು ವಾಪಸ್ ಹಾಕುವಾಗ. ಹೊಸ ಎಸ್‌ಎಸ್‌ಡಿ ತಂದಿದ್ದೆ, 480 ಜಿಬಿಯದ್ದು. ತುಂಬಿದ್ದು 140 ಮಾತ್ರ, ಹಿಡಿಸುತ್ತದೆ ಅಂದುಕೊಂಡೆ. ಡಿಸ್ಕ್ ಚಿಕ್ಕದಾಯಿತು ಎಂದು ಕ್ಲೋನ್‌ಜಿಲ್ಲಾ ನಿಂತೇ ಬಿಟ್ಟಿತು! ಅದು ನೋಡುವುದು ಡೇಟಾವನ್ನಲ್ಲ, ಮೂಲ ಡಿಸ್ಕಿನ ಗಾತ್ರವನ್ನು. ಮತ್ತೆ ಹಳೇ ಪಿಸಿಗೆ ಹೋಗಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ಕುಗ್ಗಿಸಿ, ಹೊಸದಾಗಿ ಇಮೇಜ್ ತೆಗೆದೆ. ಎಕ್ಸ್‌ಪರ್ಟ್ ಮೋಡಿನಲ್ಲಿ ಗಾತ್ರದ ತಪಾಸಣೆ ಬೇಡ ಎಂದು ಟಿಕ್ ಹಾಕಿದ ಮೇಲೆ ಕೂತಿತು. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಇನ್ನೊಂದು ಎಚ್ಚರಿಕೆ: ಡಿಸ್ಕುಗಳ ಹೆಸರು ಎಸ್‌ಡಿಎ, ಎಸ್‌ಡಿಬಿ ಎಂದು ಬರುತ್ತದೆ. ತಿರುವುಮುರುವಾದರೆ ಇದ್ದದ್ದೂ ಅಳಿಸಿಹೋಗುತ್ತದೆ. ಅದಕ್ಕೇ ಅದು ಎರಡೆರಡು ಸಲ ಕೇಳುವುದು.

ರೆಸ್ಕ್ಯೂಜಿಲ್ಲಾ ಹೆಚ್ಚುಕಮ್ಮಿ ಇದರದ್ದೇ ಕೆಲಸವನ್ನು ಮೌಸಿನಲ್ಲಿ ಮಾಡಿಸುತ್ತದೆ. ಕ್ಲೋನ್‌ಜಿಲ್ಲಾ ಇಮೇಜನ್ನೂ ಓದುತ್ತದೆ. ನನ್ನ ತಮ್ಮ ಒಬ್ಬನೇ ಕೂತು ಮಾಡಿದ, ಯಾರನ್ನೂ ಕೇಳಲಿಲ್ಲ. ಇಮೇಜಿನ ಒಳಗೆ ಇಣುಕಿ ಒಂದೊಂದೇ ಫೈಲು ತೆಗೆಯುವ ಸೌಲಭ್ಯವೂ ಉಂಟು, ಆದರೆ ನನ್ನ 85 ಜಿಬಿ ಇಮೇಜ್ ತೆರೆಯಲು ತುಂಬಾ ಹೊತ್ತು ಕಾಯಬೇಕಾಯಿತು.

ನನಗೆ ಜಾಸ್ತಿ ಹಿಡಿಸಿದ್ದು ಡಿಸ್ಕ್2ವಿಎಚ್‌ಡಿ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಬಳಗದ ಪುಟ್ಟ ಪ್ರೋಗ್ರಾಂ, ಬೆಲೆ ಇಲ್ಲ. ವಿಂಡೋಸ್ ಓಡುತ್ತಿರುವಾಗಲೇ ಇಡೀ ಡಿಸ್ಕನ್ನು ಒಂದು ವರ್ಚುವಲ್ ಡ್ರೈವ್ ಫೈಲು (ವಿಎಚ್‌ಡಿ, ಡಿಸ್ಕಿನ ಹಾಗೆಯೇ ತೆರೆಯುವ ಫೈಲು) ಮಾಡುತ್ತದೆ. ಗಿರಾಕಿ ಎದುರಿಗೆ ಪ್ರೂಫ್ ನೋಡುತ್ತಾ ಕೂತಿದ್ದರೂ ಅದರ ಪಾಡಿಗೆ ನಡೆಯುತ್ತದೆ. ಕುಗ್ಗಿಸುವುದಿಲ್ಲ, ಹಾಗಾಗಿ 140 ಜಿಬಿ ಜಾಗ ಬೇಕೇ ಬೇಕು. ವಿಂಡೋಸ್ 7ಕ್ಕೆ ವಿಎಚ್‌ಡಿಎಕ್ಸ್ (ಅದರ ಹೊಸ ರೂಪ) ಟಿಕ್ ತೆಗೆದು ವಿಎಚ್‌ಡಿಯೇ ಇಟ್ಟುಕೊಳ್ಳಿ, ಎಕ್ಸ್ ಇರುವುದನ್ನು ವಿಂಡೋಸ್ 8ರಿಂದ ಈಚಿನವು ಮಾತ್ರ ತೆರೆಯುತ್ತವೆ. ಮುಂದೆ ಬೂಟ್ ಮಾಡುವ ಯೋಚನೆ ಇದ್ದರೆ, ಆ ಫೈಲನ್ನು ತಯಾರಿಸಿದ ಪಿಸಿಯಲ್ಲೇ ತೆರೆಯಬೇಡಿ. ಎರಡು ಡಿಸ್ಕಿಗೂ ಒಂದೇ ಗುರುತು ಇರುವುದರಿಂದ ವಿಂಡೋಸ್ ಅದರ ಗುರುತು ಬದಲಿಸುತ್ತದೆ, ಆಮೇಲೆ ಅದು ಬೂಟ್ ಆಗುವುದಿಲ್ಲ. ನಾನು ಮನೆಯ ಲ್ಯಾಪ್‌ಟಾಪಿನಲ್ಲೇ ತೆರೆಯುವುದು.

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ ಆ ಫೈಲನ್ನು ಬೂಟ್ ಮಾಡಿದಾಗ ಮೊದಲ ಸಲ ನೀಲಿ ಪರದೆ ಬಂತು, 7ಬಿ ಎಂಬ ತಪ್ಪು. ಅಂಗಡಿ ಪಿಸಿಯ ಡಿಸ್ಕ್ ಐಡಿಇ ಮೋಡಿನಲ್ಲಿತ್ತು, ಇಲ್ಲಿ ಸಾಟಾ ಇತ್ತು (ಇವು ಡಿಸ್ಕನ್ನು ಜೋಡಿಸುವ ಎರಡು ಬಗೆ). ಅದನ್ನು ಐಡಿಇಗೆ ಬದಲಿಸಿದೆ. ನುಡಿ, ಪೇಜ್‌ಮೇಕರ್, ಡೆಸ್ಕ್‌ಟಾಪಿನ ಗಣಪತಿ ಚಿತ್ರ ಎಲ್ಲವೂ ಹಾಗೆಯೇ ಬಂದವು. ಅವತ್ತು ಎಷ್ಟು ನೆಮ್ಮದಿಯಾಯಿತು ಗೊತ್ತಾ!

ಆದರೆ ಡಿಸ್ಕ್ ಸತ್ತರೆ ಹೊಸ ಡಿಸ್ಕಿಗೆ ನೇರ ವಾಪಸ್ ಹಾಕುವ ಕೆಲಸವನ್ನು ಡಿಸ್ಕ್2ವಿಎಚ್‌ಡಿ ಮಾಡುವುದಿಲ್ಲ. ಅದಕ್ಕೆ ಕ್ಲೋನ್‌ಜಿಲ್ಲಾವೇ ಬೇಕು. ಹಾಗಾಗಿ ತಿಂಗಳಿಗೊಮ್ಮೆ ಕ್ಲೋನ್‌ಜಿಲ್ಲಾ, ಪ್ರತಿ ಶನಿವಾರ ಡಿಸ್ಕ್2ವಿಎಚ್‌ಡಿ, ಬೇರೆ ಬೇರೆ ಹಾರ್ಡ್‌ಡಿಸ್ಕಿಗೆ.

ಮೊನ್ನೆ ಕರೆಂಟ್ ಹೋಗಿ ಬ್ರಹ್ಮಕಲಶದ ಆಮಂತ್ರಣದ ಫೈಲೇ ಕೆಟ್ಟಿತು. ಎಂಟು ಪುಟ ತುಂಬಾ ದಾನಿಗಳ ಹೆಸರು, ಮಾರನೇ ದಿನವೇ ಪ್ರಿಂಟಿಗೆ ಹೋಗಬೇಕು. ಲ್ಯಾಪ್‌ಟಾಪಿನಲ್ಲಿ ಶನಿವಾರದ ವಿಎಚ್‌ಡಿಯನ್ನು ಡಬಲ್ ಕ್ಲಿಕ್ ಮಾಡಿದೆ, ಇನ್ನೊಂದು ಡ್ರೈವಾಗಿ ತೆರೆಯಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅಂಗಡಿಗೆ ತಂದೆ. ಶನಿವಾರದ ನಂತರ ಸೇರಿದ್ದ ಹನ್ನೊಂದು ಹೆಸರು ಮಾತ್ರ ಮತ್ತೆ ಟೈಪ್ ಮಾಡಬೇಕಾಯಿತು.